ಹರಳು ಕೂಡಿಸಿದ ಹೊನ್ನಿನ ಕಡಗ: ಅದರ ರಚನೆಯೂ ತೂಕವೂ ಪರೀಕ್ಷೆಯೂ

ಯಲಹಂಕ, ಹೆಬ್ಬಾಳ ಮೊದಲಾಗಿ ಬೆಂಗಳೂರಿನ ಉತ್ತರದಿಕ್ಕಿನ ಊರುಗಳಲ್ಲಿಯೂ ಕನ್ನಡನಾಡಿನ ಇತರ ಭಾಗಗಳಲ್ಲಿಯೂ ಹಳೆಯ ಮನೆತನಗಳವರ ಒಡವೆಯ ಪೆಟ್ಟಿಗೆಯಲ್ಲಿ ಒಮ್ಮೊಮ್ಮೆ ಕಾಣಸಿಗುವ ಆಭರಣಗಳಲ್ಲಿ ಹರಳು ಕೂಡಿಸಿದ ಅಗಲವಾದ ಹೊನ್ನಿನ ಕಡಗವು ವಿರಳವಾದುದು. ಇಂತಹ ಕಡಗವನ್ನು ಮಾರುವುದಕ್ಕೋ ಮುರಿಸಿ ಬೇರೊಂದು ಒಡವೆ ಮಾಡಿಸುವುದಕ್ಕೋ ಅಂಗಡಿಗೆ ಒಯ್ದಾಗ ಅದನ್ನು ತಕ್ಕಡಿಯಲ್ಲಿಟ್ಟು, ಹರಳಿಗೆ ಇಷ್ಟು, ಅರಗಿಗೆ ಇಷ್ಟು ಎಂದು ಕಳೆದು, ಉಳಿದ ತೂಕವನ್ನು ಆ ದಿನದ ಚಿನ್ನದ ಧಾರಣೆಯಿಂದ ಗುಣಿಸಿ ಬೆಲೆ ಕಟ್ಟುವುದು ರೂಢಿಯಾಗಿದೆ. ಈ ಲೆಕ್ಕವು ಲೋಹದ ಲೆಕ್ಕವಾಗಿ ಸರಿಯಾಗಿರಬಹುದಾದರೂ ಒಡವೆಯ ಲೆಕ್ಕವಾಗಲಾರದು. ಕಡಗದ ರಚನೆ ಎಂತಹುದು, ಅದರೊಳಗೆ ಏನೇನು ಅಡಗಿದೆ, ಅದನ್ನು ಒಡೆಯದೆ ಪರೀಕ್ಷಿಸುವ ಬಗೆ ಯಾವುದು ಎಂಬ ಮೂರು ವಿಷಯಗಳನ್ನು ತಿಳಿಯದೆ ಕಟ್ಟಿದ ಬೆಲೆಯಿಂದ ಒಡವೆಯುಳ್ಳವರಿಗೂ ಕೊಳ್ಳುವವರಿಗೂ ನಷ್ಟವುಂಟು. ಒಡವೆಯು ಮೂಸೆಗೆ ಬಿದ್ದರಂತೂ ನಾಡಿನ ಕುಶಲಕಲೆಯ ಚರಿತ್ರೆಗೇ ನಷ್ಟವು. ಅದುಕಾರಣ ಈ ಮೂರು ವಿಷಯಗಳನ್ನು ಇಲ್ಲಿ ಕ್ರಮವಾಗಿ ವಿವರಿಸಲಾಗಿದೆ.

೧. ಹೆಸರು ಮತ್ತು ರೂಪ

ಕಡಗವೆಂಬ ಮಾತು ಸಂಸ್ಕೃತದ ಕಟಕಶಬ್ದದ ತದ್ಭವವು. ಟಕಾರವು ಡಕಾರವಾಗುವುದೂ ಎರಡು ಸ್ವರಗಳ ನಡುವಣ ಕಕಾರವು ಗಕಾರವಾಗುವುದೂ ಕನ್ನಡದ ತದ್ಭವಪ್ರಕ್ರಿಯೆಯಲ್ಲಿ ಪ್ರಸಿದ್ಧವಾದುವೇ ಆಗಿವೆ. ಅಮರಸಿಂಹನು ತನ್ನ ಕೋಶದ ಮನುಷ್ಯವರ್ಗದಲ್ಲಿ ಕಟಕ, ವಲಯ, ಆವಾಪಕ, ಪಾರಿಹಾರ್ಯ ಎಂಬ ನಾಲ್ಕನ್ನು ಒಂದೇ ಗುಂಪಿಗೆ ಸೇರಿಸಿ, ಕೇಯೂರವನ್ನೂ ಅಂಗದವನ್ನೂ ಇನ್ನೊಂದು ಗುಂಪಿಗೆ ಸೇರಿಸಿರುವನು. ಮೊದಲನೆಯವು ಮಣಿಕಟ್ಟಿನ ಒಡವೆಗಳು, ಎರಡನೆಯವು ತೋಳಿನವು. ಈ ವಿಭಾಗವನ್ನು ಶಿಲ್ಪಿಗಳೂ ತಪ್ಪದೆ ಪಾಲಿಸಿರುವರೆಂಬುದು ಕ್ರಿ. ಶ. ೧೧೧೭ರಲ್ಲಿ ಪ್ರತಿಷ್ಠಿತವಾದ ಬೇಲೂರಿನ ಚೆನ್ನಕೇಶವದೇವಾಲಯದ ವಿಗ್ರಹಗಳನ್ನು ನೋಡಿದವರಿಗೆ ವಿದಿತವೇ ಇದೆ. ಅಲ್ಲಿ ಮಣಿಕಟ್ಟಿಗೆ ಬಳೆಗಳ ಸಾಲು ಬೇರೆ, ತೋಳಿಗೆ ಕೇಯೂರ ಬೇರೆ. ಇಂದಿನ ಮನೆಮಾತಿನಲ್ಲಿ ತೋಳಿನ ಒಡವೆಗೆ ವಂಕಿ, ನಾಗಮುರಿಗೆ ಎಂಬ ಹೆಸರುಗಳಿದ್ದು, ಮಣಿಕಟ್ಟಿನದು ಬಳೆ ಅಥವಾ ಕಡಗವೆನ್ನಿಸಿಕೊಳ್ಳುತ್ತದೆ.

ಬಳೆಗೂ ಕಡಗಕ್ಕೂ ಭೇದವುಂಟು. ಬಳೆಯು ತೆಳುವಾದ ಪೂರ್ಣವೃತ್ತವು. ಬೆರಳುಗಳನ್ನು ಕೂಡಿಸಿ ಕೈಯೊಳಗಿಂದ ಏರಿಸತಕ್ಕದ್ದು. ಕಡಗವು ದಪ್ಪವಾಗಿಯೂ ಬಿರುಸಾಗಿಯೂ ಇರುತ್ತದೆ. ಅದರಲ್ಲಿ ಎರಡು ಬಗೆಗಳು ಮುಖ್ಯವಾದುವು. ಬಾಯಿ ತೆರೆದ ಕಡಗವು ಒಂದು ಕಡೆ ಬಿರುಕುಳ್ಳದ್ದಾಗಿ, ಮಣಿಕಟ್ಟಿನ ಪಕ್ಕದಿಂದ ತೊಡಿಸುವುದಕ್ಕೆ ಅನುಕೂಲವಾಗಿರುತ್ತದೆ. ತೆರೆದ ಬಾಯಿಯ ಎರಡು ಕೊನೆಗಳಲ್ಲಿಯೂ ಮಕರದ ಅಥವಾ ಸಿಂಹದ ಮುಖಗಳನ್ನು ಮಾಡುವುದು ವಾಡಿಕೆ. ತಿರುಪಿನ ಕಡಗವು ಎರಡು ಹೋಳುಗಳಾಗಿದ್ದು, ಒಂದು ಕಡೆ ಕೀಲಿನಿಂದಲೂ ಇನ್ನೊಂದು ಕಡೆ ತಿರುಪಿನ ಮೊಳೆಯಿಂದಲೂ ಕೂಡಿಕೊಳ್ಳುತ್ತದೆ.

ಕನ್ನಡನಾಡಿನಲ್ಲಿ ಇಂತಹ ಒಡವೆಗಳು ವಿಪುಲವಾಗಿದ್ದ ಕಾಲದ ಒಂದು ಪ್ರತ್ಯಕ್ಷಸಾಕ್ಷ್ಯವೂ ಉಂಟು. ಸುಮಾರು ಕ್ರಿ. ಶ. ೧೫೨೦ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ತುಗೀಸಿನವನಾದ ಡೊಮಿಂಗೊ ಪಾಯಸನು ಮಹಾನವಮಿಯ ಉತ್ಸವದಲ್ಲಿ ಸ್ತ್ರೀಯರು ಮುಂಗೈಗೂ ತೋಳಿಗೂ ವಜ್ರ ಮಾಣಿಕ್ಯ ಮುತ್ತುಗಳ ಒಡವೆಗಳನ್ನು ತೊಟ್ಟಿದ್ದುದನ್ನು ಬೆರಗಿನಿಂದ ವರ್ಣಿಸಿರುವನು. ೧೫೩೭ರಲ್ಲಿ ಬೆಂಗಳೂರಿನ ಕೋಟೆಯನ್ನು ಕಟ್ಟಿಸಿದನೆಂದು ಪ್ರಸಿದ್ಧನಾದ ಕೆಂಪೇಗೌಡನ ವಂಶದವರು, ಅಂದರೆ ಯಲಹಂಕನಾಡಪ್ರಭುಗಳು, ಆ ಸಾಮ್ರಾಜ್ಯದ ಅಧೀನರೇ ಆಗಿದ್ದರು. ಪಾಯಸನು ಕಂಡ ಒಡವೆಗಳಲ್ಲಿ ಬಹುಭಾಗವು ಇಂದು ಎಲ್ಲಿಯೂ ಇಲ್ಲ. ಹೊನ್ನು ಹೊನ್ನಾಗಿಯೇ ಉಳಿಯಿತು. ಒಡವೆಗಳ ರೂಪವು ಮಾತ್ರ ಅಳಿಯಿತು.

೨. ರಚನೆ

ಹರಳಿನ ಕಡಗವನ್ನು ಹೊರಗಿನಿಂದ ನೋಡಿದವರು ಅದು ಗಟ್ಟಿಚಿನ್ನದ ಪಟ್ಟಿಯೆಂದೂ, ಅದರಲ್ಲಿ ಕುಳಿಗಳನ್ನು ಕೊರೆದು ಹರಳುಗಳನ್ನು ಕೂಡಿಸಿದೆಯೆಂದೂ ಭಾವಿಸುವುದು ಸಹಜ. ನಮ್ಮ ದೇಶದ ಹಳೆಯ ಪದ್ಧತಿಯ ಕಡಗಗಳಲ್ಲಿ ಸಾಮಾನ್ಯವಾಗಿ ಹಾಗಿರುವುದಿಲ್ಲ. ಅದು ಹೊನ್ನಿನ ತೆಳುವಾದ ತಗಡುಗಳಿಂದ ಮಾಡಿದ ಪೊಳ್ಳು ಕೋಶವು. ಅಕ್ಕಸಾಲಿಗನು ಮೊದಲು ತಗಡನ್ನು ಬಡಿದು ಒಳಮೈ ಹೊರಮೈಗಳನ್ನು ರೂಪಿಸಿ, ಅಂಚುಗಳನ್ನು ಬೆಸೆಯುತ್ತಾನೆ. ಬೆಂಕಿಯ ಕೆಲಸವೆಲ್ಲವೂ ಇಲ್ಲಿಗೆ ಮುಗಿಯಬೇಕು. ಅನಂತರ ಕೋಶದೊಳಕ್ಕೆ ಕಾಯಿಸಿದ ಅರಗನ್ನು ತುಂಬುತ್ತಾನೆ. ಅರಗು ಮುತ್ತುಗ ಮೊದಲಾದ ಮರಗಳ ಎಳೆಯ ಕೊಂಬೆಗಳ ಮೇಲೆ ಒಂದು ಜಾತಿಯ ಕ್ರಿಮಿಗಳು ಸುರಿಸುವ ಅಂಟು. ಬಿಸಿಯಲ್ಲಿ ಮೆತ್ತಗಾಗಿ, ಆರಿದಾಗ ಗಟ್ಟಿಯಾಗುವುದು ಅದರ ಗುಣ. ತೆಳುವಾದ ತಗಡು ನುಗ್ಗಾಗದಂತೆ ಒಳಗಿನಿಂದ ಆಧಾರವಾಗುವುದೂ, ಹರಳಿಗೆ ಪೀಠವಾಗುವುದೂ ಅರಗಿನ ಎರಡು ಕೆಲಸಗಳು.

ಅರಗು ಆರಿದ ಮೇಲೆ ಹರಳಿನ ಕೆಲಸವು. ಹೊರಮೈಯ ಮನೆಗಳಲ್ಲಿ ಅರಗನ್ನು ಹದವಾಗಿ ಕೆತ್ತಿ, ಹರಳಿನ ಕೆಳಗೆ ಹೊಳೆಯುವ ಸಣ್ಣ ತಗಡೊಂದನ್ನು ಹಾಸಿ, ಹರಳನ್ನು ಕೂರಿಸುತ್ತಾರೆ. ಹಿಂಬದಿಯು ಮುಚ್ಚಿರುವುದರಿಂದ ಹರಳಿನೊಳಗೆ ಹೊಕ್ಕ ಬೆಳಕು ಈ ತಗಡಿಗೆ ತಗುಲಿ ಹಿಂದಿರುಗಿ ಬಂದು ಬಣ್ಣಕ್ಕೆ ಕಾಂತಿಯನ್ನು ಕೊಡುತ್ತದೆ. ಕೊನೆಯಲ್ಲಿ ಹರಳಿನ ಸುತ್ತಲೂ ಕುಂದಣವನ್ನು ಒತ್ತುತ್ತಾರೆ. ಕುಂದಣವೆಂದರೆ ಪುಟವಿಟ್ಟು ಬೇರೆ ಲೋಹದ ಅಂಶವನ್ನೆಲ್ಲ ಕಳೆದ ಅಪರಂಜಿಯ ಬಹು ತೆಳುವಾದ ಪಟ್ಟಿ. ಅಪರಂಜಿಯು ಅತ್ಯಂತ ಮೃದುವಾದುದರಿಂದಲೂ, ಅದರ ಮೈಮೇಲೆ ಕಿಲುಬು ಹುಟ್ಟದಿರುವುದರಿಂದಲೂ, ಪದರದ ಮೇಲೆ ಪದರವನ್ನಿಟ್ಟು ಉಕ್ಕಿನ ಸಲಾಕೆಯಿಂದ ಉಜ್ಜಿ ಒತ್ತಿದ ಮಾತ್ರದಿಂದಲೇ ಬೆಂಕಿಯಿಲ್ಲದೆ, ಬೆಸುಗೆಯಿಲ್ಲದೆ, ಒಂದರೊಡನೊಂದು ಬೆರೆತು ಗಟ್ಟಿಯಾದ ಗೋಡೆಯಾಗುತ್ತದೆ. ಹರಳಿಗೂ ಅರಗಿಗೂ ಬಿಸಿ ತಗುಲಬಾರದೆಂಬ ಕಷ್ಟವನ್ನು ಈ ನಾಡಿನ ಕುಶಲರು ಪರಿಹರಿಸಿಕೊಂಡುದು ಹೀಗೆ.

ಇದರಿಂದ ಒಂದು ಮುಖ್ಯವಾದ ವಿಷಯವು ಹೊರಡುತ್ತದೆ. ಒಂದೇ ಕಡಗದಲ್ಲಿ ಎರಡು ಬಗೆಯ ಹೊನ್ನಿದೆ. ಕೋಶದ ಮೈಗೆ ಬಿರುಸು ಬೇಕಾದುದರಿಂದ, ಅದರಲ್ಲಿಯೂ ಬಾಯಿ ತೆರೆದ ಕಡಗವು ಹಿಗ್ಗಿ ಮರಳಿ ಕೂಡಿಕೊಳ್ಳಬೇಕಾದುದರಿಂದ, ಅಲ್ಲಿ ತಾಮ್ರ ಅಥವಾ ಬೆಳ್ಳಿ ಬೆರೆತ ಚಿನ್ನವೇ ಯೋಗ್ಯವು. ಹರಳಿನ ಸುತ್ತಣದು ಮಾತ್ರ ಅಪರಂಜಿ. ಆದಕಾರಣ ಕುಂದಣವನ್ನು ಒರೆಗಲ್ಲಿಗೆ ಹಚ್ಚಿ ಇಡೀ ಕಡಗವೇ ಅಪರಂಜಿಯೆಂದು ಕೊಳ್ಳುವವನು ಮೋಸಹೋಗುವನು. ಅಂಚನ್ನು ಮಾತ್ರ ಒರೆಹಚ್ಚಿ ಕಡಿಮೆ ಬಣ್ಣವೆಂದು ತೆಗೆದುಬಿಡುವವನು ಕುಂದಣದ ಬೆಲೆಯನ್ನು ಕಳೆಯುವನು. ಎರಡನ್ನೂ ಬೇರೆಬೇರೆಯಾಗಿ ನೋಡತಕ್ಕದ್ದು.

೩. ಮೂರು ತೂಕಗಳು

ಚಿನ್ನದ ಕೆಲಸಗಾರನಿಗೆ ಕನ್ನಡದಲ್ಲಿರುವ ಅಕ್ಕಸಾಲೆ, ಅಕ್ಕಸಾಲಿಗ ಎಂಬ ಹೆಸರುಗಳು ಅಕ್ಷಶಾಲಾಶಬ್ದದಿಂದ ಬಂದುವು. ಕೌಟಲ್ಯನ ಅರ್ಥಶಾಸ್ತ್ರದಲ್ಲಿ ಅಕ್ಷಶಾಲೆಯೆಂದರೆ ರಾಜನ ಮೇಲ್ವಿಚಾರಣೆಯಲ್ಲಿ ಹೊನ್ನಿನ ಕೆಲಸವು ನಡೆಯುವ ಶಾಲೆ. ೧೯೦೫ರಲ್ಲಿ ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳಿಗೆ ದೊರೆತು, ೧೯೦೯ರಲ್ಲಿ ಅವರಿಂದಲೇ ಪ್ರಕಟವಾದ ಈ ಗ್ರಂಥದ ಎರಡನೆಯ ಅಧಿಕರಣವು ಪ್ರಕೃತ ವಿಷಯಕ್ಕೆ ಬಹಳ ಉಪಕಾರಕವಾಗಿದೆ. ಅಲ್ಲಿ ಹೊನ್ನಿನ ಕೆಲಸವು ಮೂರು ವಿಧವಾಗಿ ವಿಭಾಗಿಸಲ್ಪಟ್ಟಿದೆ: ಕಾಚ ಮೊದಲಾದುವನ್ನು ಕೂಡಿಸುವ ಕ್ಷೇಪಣ, ದಾರದಂತೆ ಹೊಸೆಯುವ ಗುಣ, ಗಟ್ಟಿಯೋ ಪೊಳ್ಳೋ ಆದ ರೂಪಗಳನ್ನೂ ಗುಂಡುಗಳನ್ನೂ ಮಾಡುವ ಕ್ಷುದ್ರಕ. ಹರಳಿನ ಕಡಗವು ಕ್ಷೇಪಣಕ್ಕೂ ಕ್ಷುದ್ರಕಕ್ಕೂ ಸೇರಿದುದು. ಕೂಡಿಸುವ ಕೆಲಸದಲ್ಲಿ ಹರಳಿನ ಪೀಠಕ್ಕೆಷ್ಟು, ಅದನ್ನು ಹಿಡಿಯುವ ಕಟ್ಟಿಗೆಷ್ಟು ಎಂಬುದಕ್ಕೂ ಅಲ್ಲಿ ಪ್ರಮಾಣವನ್ನು ಹೇಳಿದೆ.

ಅದರ ಮುಂದಿನ ಅಧ್ಯಾಯದಲ್ಲಿ ಅಕ್ಕಸಾಲಿಗರು ಮಾಡಬಹುದಾದ ಮೋಸಗಳ ವಿವರವಿದೆ. ಪೊಳ್ಳಾದ ಒಡವೆಯೊಳಗೆ ಮಣ್ಣು, ಇಂಗುಲಿಕದ ಕಲ್ಕ, ಮರಳು ಬೆರೆಸಿದ ಅರಗು ಮೊದಲಾದುವನ್ನು ಕಾಯಿಸಿ ನಿಲ್ಲಿಸಿ ತೂಕವನ್ನು ಹೆಚ್ಚಿಸುವುದು ಅವುಗಳಲ್ಲೊಂದು. ಇದನ್ನು ಕಂಡುಹಿಡಿಯುವುದಕ್ಕೆ ಕಾಯಿಸುವುದು, ಬಡಿಯುವುದು ಎಂಬ ಉಪಾಯಗಳು ಹೇಳಲ್ಪಟ್ಟಿವೆ. ಕೊಟ್ಟ ಹೊನ್ನನ್ನು ಅದೇ ಬಣ್ಣ ಅದೇ ಪ್ರಮಾಣದಲ್ಲಿ ಹಿಂದಿರುಗಿಸಬೇಕೆಂಬ ನಿಯಮವೂ ಅಲ್ಲಿಯೇ ಇದೆ. ಇಲ್ಲಿ ವಿಚಾರಮಾಡತಕ್ಕ ಅಂಶವೇನೆಂದರೆ, ಒಡವೆಯೊಳಗೆ ಅರಗಿರುವುದೇ ಮೋಸವಲ್ಲ; ಅರಗನ್ನು ಹೊನ್ನೆಂದು ತೂಗಿ ಕೊಡುವುದು ಮೋಸವು. ಅರಗಿಲ್ಲದೆ ಕುಂದಣದ ಕೆಲಸವೇ ನಡೆಯದು.

ಈ ಭೇದವನ್ನು ನಮ್ಮ ಪೂರ್ವಿಕರು ಎಷ್ಟು ಚೆನ್ನಾಗಿ ಅರಿತಿದ್ದರೆಂಬುದಕ್ಕೆ ತಂಜಾವೂರಿನ ಬೃಹದೀಶ್ವರದೇವಾಲಯದ ಗೋಡೆಗಳೇ ಸಾಕ್ಷಿ. ಹನ್ನೊಂದನೆಯ ಶತಮಾನದ ಆದಿಯಲ್ಲಿ ರಾಜರಾಜಚೋಳನೂ ಆತನ ಪರಿವಾರದವರೂ ದೇವರಿಗೆ ಒಪ್ಪಿಸಿದ ಆಭರಣಗಳ ಪಟ್ಟಿಯು ಅಲ್ಲಿ ಕಲ್ಲಿನ ಮೇಲೆ ಕೆತ್ತಲ್ಪಟ್ಟಿದೆ. ಒಂದೊಂದು ಒಡವೆಗೂ ಹೊನ್ನಿನ ತೂಕವೆಷ್ಟು, ವಜ್ರ ಮಾಣಿಕ್ಯ ಮುತ್ತುಗಳು ಎಷ್ಟೆಷ್ಟು, ಅವುಗಳಲ್ಲಿ ಚುಕ್ಕೆ ಬಿರುಕು ಮೊದಲಾದ ದೋಷವುಳ್ಳವು ಯಾವುವು, ಅರಗನ್ನೂ ಸೇರಿಸಿ ಒಟ್ಟು ತೂಕವೆಷ್ಟು ಎಂಬುದನ್ನು ಬರೆಯಿಸಿದೆ. ದೇವರ ಒಡವೆಯ ಹರಳಿನಲ್ಲಿ ದೋಷವಿದ್ದರೆ ಅದನ್ನೂ ಮರೆಮಾಡದೆ ಕಲ್ಲಿನಲ್ಲಿ ಕೆತ್ತಿಸಿದ ಆ ಪ್ರಾಮಾಣಿಕತೆಯು ಗಮನಾರ್ಹವಾದುದು. ಯಲಹಂಕದ ಸುತ್ತಣ ಸೀಮೆಯೂ ಅದೇ ಚೋಳರ ಆಳಿಕೆಗೆ ಒಳಪಟ್ಟು, ಅಲ್ಲಿಯ ತಮಿಳುಶಾಸನಗಳಲ್ಲಿ ಇಲೈಪ್ಪಾಕ್ಕನಾಡೆಂಬ ಹೆಸರನ್ನು ಪಡೆದಿದ್ದಿತು. ಹೊನ್ನು, ಹರಳು, ಅರಗು ಎಂಬ ಮೂರರ ಲೆಕ್ಕವು ಬೇರೆಬೇರೆಯಾಗಿರಬೇಕೆಂಬ ವಿವೇಕವು ದಕ್ಷಿಣದೇಶಕ್ಕೆ ಹೊಸದೇನೂ ಅಲ್ಲ.

ತೂಕದ ಭೇದವು ಎಷ್ಟರಮಟ್ಟಿನದೆಂಬುದನ್ನು ಒಂದು ಕಲ್ಪಿತವಾದ ಲೆಕ್ಕದಿಂದ ಸ್ಪಷ್ಟಪಡಿಸಬಹುದು. ಸುತ್ತಳತೆ ೧೬ ಸೆಂಟಿಮೀಟರು, ಅಗಲ ೨.೫ ಸೆಂಟಿಮೀಟರು, ದಪ್ಪ ೩ ಮಿಲಿಮೀಟರುಳ್ಳ ಕಡಗವೊಂದನ್ನು ಭಾವಿಸಿಕೊಳ್ಳಬೇಕು. ಅದರ ಘನಪರಿಮಾಣವು ೧೨ ಘನ ಸೆಂಟಿಮೀಟರು. ಶುದ್ಧವಾದ ಚಿನ್ನವು ನೀರಿಗಿಂತ ೧೯.೩ರಷ್ಟು ಭಾರವಾದುದು, ೨೨ ಕ್ಯಾರಟ್ಟಿನದು ಸುಮಾರು ೧೭.೭ರಷ್ಟು. ಕಡಗವು ಗಟ್ಟಿಯಾದ ೨೨ ಕ್ಯಾರಟ್ಟಿನ ಚಿನ್ನವಾಗಿದ್ದರೆ ಸುಮಾರು ೨೧೨ ಗ್ರಾಂ ತೂಗುವುದು. ಅಂದರೆ ೧೮ ತೊಲಕ್ಕೆ ಮೇಲೆ. ಅದನ್ನೇ ೦.೩ ಮಿಲಿಮೀಟರು ದಪ್ಪದ ತಗಡಿನ ಕೋಶವಾಗಿ ಮಾಡಿ ಅರಗು ತುಂಬಿದರೆ, ಹೊನ್ನು ಸುಮಾರು ೪೮ ಗ್ರಾಂ, ಅಂದರೆ ೪ ತೊಲಕ್ಕೆ ಸ್ವಲ್ಪ ಮೇಲೆ. ಅರಗು ನೀರಿಗಿಂತ ತುಸು ಮಾತ್ರ ಭಾರವಾದುದರಿಂದ ೧೦ ಗ್ರಾಮಿನಷ್ಟು. ಜಾಗದಲ್ಲಿ ಮುಕ್ಕಾಲು ಪಾಲು ಅರಗೇ ಆದರೂ ತೂಕದಲ್ಲಿ ಅದು ಆರರಲ್ಲೊಂದು ಪಾಲು ಮಾತ್ರ. ಈ ಲೆಕ್ಕದಲ್ಲಿ ಹರಳುಗಳನ್ನು ಸೇರಿಸಿಲ್ಲ.

ಈ ಉದಾಹರಣೆಯಿಂದ ಎರಡು ಮಾತುಗಳು ಸಿದ್ಧವಾಗುತ್ತವೆ. ಕಣ್ಣಿಗೆ ದೊಡ್ಡದಾಗಿ ಕಾಣುವ ಹಳೆಯ ಕಡಗವು ಕೈಗೆ ಹಗುರವಾಗಿದ್ದರೆ ಅದು ಕೃತ್ರಿಮವೆಂದು ತಿಳಿಯಬಾರದು. ಅದು ಹಳೆಯ ಪದ್ಧತಿಯ ಲಕ್ಷಣವು. ಹಾಗೆಯೇ ಅರಗಿನ ಪಾಲೆಂದು ಒಟ್ಟು ತೂಕದ ಅರ್ಧವನ್ನೋ ಮೂರರಲ್ಲೊಂದು ಪಾಲನ್ನೋ ಕಣ್ಣಂದಾಜಿನಿಂದ ಕಳೆಯುವವರ ಲೆಕ್ಕವನ್ನು ಯುಕ್ತಿಯಿಂದ ಪರಿಶೀಲಿಸದೆ ಒಪ್ಪಬಾರದು.

೪. ಹರಳುಗಳ ಪರೀಕ್ಷೆ

ಕಲ್ಯಾಣದ ಚಾಲುಕ್ಯಚಕ್ರವರ್ತಿಯಾದ ಮೂರನೆಯ ಸೋಮೇಶ್ವರನು ಸುಮಾರು ಕ್ರಿ. ಶ. ೧೧೩೦ರಲ್ಲಿ ರಚಿಸಿದ ಮಾನಸೋಲ್ಲಾಸವು, ಅಂದರೆ ಅಭಿಲಷಿತಾರ್ಥಚಿಂತಾಮಣಿಯು, ರಾಜನ ಕೋಶವನ್ನು ಹೇಳುವಲ್ಲಿ ರತ್ನಗಳ ಗುಣದೋಷಗಳನ್ನೂ, ಭೋಗಗಳನ್ನು ಹೇಳುವಲ್ಲಿ ಅಂಗಾಂಗಗಳ ಭೂಷಣಗಳನ್ನೂ ವಿವರಿಸುತ್ತದೆ. ಕನ್ನಡನಾಡಿನ ಅರಸನೊಬ್ಬನು ತಾನೇ ಬರೆದ ರತ್ನಪರೀಕ್ಷೆಯೆಂಬ ಕಾರಣದಿಂದ ಇದಕ್ಕೆ ವಿಶೇಷವಾದ ಬೆಲೆಯಿದೆ. ಬಣ್ಣ, ಕಾಂತಿ, ಭಾರ, ಆಕಾರ, ಒಳಗಿನ ಬಿರುಕು ಬಿಂದುಗಳು ಎಂಬಿವೇ ಪ್ರಾಚೀನಪರೀಕ್ಷಕರ ಆಧಾರಗಳು. ಬಿಡಿಯಾದ ಹರಳಿಗೆ ಇವು ಸಾಕಾಗುತ್ತಿದ್ದುವು. ಆದರೆ ಕಡಗದಲ್ಲಿ ಕೂಡಿಸಿದ ಹರಳಿನ ಭಾರವನ್ನು ತಿಳಿಯುವ ಬಗೆಯಿಲ್ಲ. ಕೆಳಗಿನ ತಗಡಿನಿಂದಾಗಿ ಬಣ್ಣವೂ ತನ್ನದಲ್ಲ.

ಕೆಂಪಿನ ವಿಷಯದಲ್ಲಿ ಈ ಕಷ್ಟವು ಎಲ್ಲಕ್ಕಿಂತ ಹೆಚ್ಚು. ಮಾಣಿಕ್ಯವೂ ಸ್ಪಿನೆಲ್ ಎಂಬ ಹರಳೂ ಒಂದೇ ಗಣಿಯ ಮಣ್ಣಿನಲ್ಲಿ ದೊರೆಯುವುದುಂಟು. ಕಣ್ಣಿಗೆ ಎರಡೂ ಒಂದೇ ಕೆಂಪು. ಇವೆರಡೂ ಬೇರೆ ದ್ರವ್ಯಗಳೆಂದು ಯೂರೋಪಿನಲ್ಲಿ ೧೭೮೩ರಲ್ಲಿ ರೋಮೆ ದೆ ಲಿಲ್ ಎಂಬ ಪಂಡಿತನು ಖಚಿತಪಡಿಸುವವರೆಗೆ ಅಲ್ಲಿಯ ರಾಜರ ಕಿರೀಟಗಳಲ್ಲಿಯೂ ಸ್ಪಿನೆಲ್ಲುಗಳೇ ಮಾಣಿಕ್ಯವೆಂದು ಮೆರೆಯುತ್ತಿದ್ದುವು. ಆಂಗ್ಲರ ರಾಜಕಿರೀಟದ ಪ್ರಸಿದ್ಧವಾದ ಕೆಂಪು ಇಂದಿಗೂ ಮಾಣಿಕ್ಯವೆಂಬ ಹೆಸರಿನ ಸ್ಪಿನೆಲ್ಲೇ ಆಗಿದೆ. ಆದಕಾರಣ ಹಳೆಯ ಕಡಗದಲ್ಲಿ ಸ್ಪಿನೆಲ್ ಇದ್ದ ಮಾತ್ರಕ್ಕೆ ಅಕ್ಕಸಾಲಿಗನು ವಂಚಿಸಿದನೆಂದು ಹೇಳುವಂತಿಲ್ಲ. ಕೃತಕವಾದ ಮಾಣಿಕ್ಯದ ಮಾತು ಬೇರೆ. ಫ್ರಾನ್ಸಿನ ವೆರ್ನುಯಿಯು ಪುಡಿಯನ್ನು ಉರಿಯಲ್ಲಿ ಕರಗಿಸಿ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದುದು ೧೯೦೨ರಲ್ಲಿ. ಹೀಗೆ ಬೆಳೆದ ಹರಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬಾಗಿದ ಗೆರೆಗಳೂ ಗುಂಡಗಿನ ಗಾಳಿಗುಳ್ಳೆಗಳೂ ಕಾಣುತ್ತವೆ. ನೆಲದಲ್ಲಿ ಹುಟ್ಟಿದ ಹರಳಿನ ಬೆಳವಣಿಗೆಯ ಗೆರೆಗಳು ನೇರವಾಗಿರುತ್ತವೆ. ಮುನ್ನೂರು ವರ್ಷದ ಕಡಗವೆಂದು ಹೇಳಿದುದರಲ್ಲಿ ಇಂತಹ ಬಾಗಿದ ಗೆರೆಯ ಕೆಂಪು ಕಂಡುಬಂದರೆ, ಆ ಕಡಗವು ೧೯೦೨ಕ್ಕೆ ಈಚಿನದಾಗಿರಬೇಕು. ಇಲ್ಲವೇ ಆ ಹರಳನ್ನು ಅನಂತರ ಕೂಡಿಸಿರಬೇಕು. ಪಕ್ಕದ ಹರಳುಗಳ ಕುಂದಣಕ್ಕೂ ಅದರ ಕುಂದಣಕ್ಕೂ ಕೆಲಸದಲ್ಲಿ ಭೇದವಿದೆಯೇ ಎಂಬುದನ್ನು ನೋಡಿ ಎರಡರಲ್ಲಿ ಯಾವುದೆಂಬುದನ್ನು ಊಹಿಸಬಹುದು.

ಹರಳನ್ನು ಕೀಳದೆ ಅದರ ಜಾತಿಯನ್ನು ನಿರ್ಣಯಿಸುವ ಉಪಾಯವೊಂದು ಬೆಂಗಳೂರಿನ ಇದೇ ಉತ್ತರಭಾಗದಲ್ಲಿ ಬಾಳಿದ ಮಹನೀಯರೊಬ್ಬರ ಹೆಸರಿನಿಂದ ಪ್ರಸಿದ್ಧವಾಗಿದೆ. ಚಂದ್ರಶೇಖರ ವೆಂಕಟರಾಮನ್ನರು ೧೯೨೮ರಲ್ಲಿ ಕಲ್ಕತ್ತೆಯಲ್ಲಿ ಕಂಡುಹಿಡಿದ ತತ್ತ್ವದ ಸಾರವೇನೆಂದರೆ, ಒಂದು ವಸ್ತುವಿನ ಮೇಲೆ ಒಂದೇ ಬಣ್ಣದ ಬೆಳಕನ್ನು ಬಿಟ್ಟಾಗ ಚೆದರುವ ಬೆಳಕಿನಲ್ಲಿ ಬಹುಭಾಗವು ಅದೇ ಬಣ್ಣದ್ದಾಗಿದ್ದರೂ ಅತ್ಯಲ್ಪವಾದ ಒಂದು ಅಂಶವು ಬಣ್ಣವನ್ನು ಬದಲಿಸಿಕೊಳ್ಳುತ್ತದೆ. ಆ ಬದಲಾವಣೆಯ ಪ್ರಮಾಣವು ಆಯಾ ವಸ್ತುವಿನ ಅಣುಗಳ ಕಂಪನಕ್ಕೆ ಅಧೀನವಾಗಿರುತ್ತದೆ. ರಾಮನ್ನರು ೧೯೩೩ರಲ್ಲಿ ಯಶವಂತಪುರಕ್ಕೆ ಸಮೀಪದಲ್ಲಿರುವ ಭಾರತೀಯ ವಿಜ್ಞಾನಮಂದಿರಕ್ಕೆ ನಿರ್ದೇಶಕರಾಗಿ ಬಂದರು; ೧೯೪೪ರಲ್ಲಿಯೂ ೧೯೪೬ರಲ್ಲಿಯೂ ವಜ್ರದ ರಚನೆ ಮತ್ತು ಗುಣಗಳನ್ನು ಕುರಿತ ಲೇಖನಸಂಗ್ರಹಗಳನ್ನು ಶಿಷ್ಯರೊಡಗೂಡಿ ಪ್ರಕಟಿಸಿದರು; ೧೯೪೮ರಲ್ಲಿ ನಗರದಿಂದ ಹೆಬ್ಬಾಳಕ್ಕೆ ಹೋಗುವ ದಾರಿಯ ಬಳಿ ತಮ್ಮ ಸಂಶೋಧನಮಂದಿರವನ್ನು ಸ್ಥಾಪಿಸಿದರು. ಅವರು ಆಸಕ್ತಿಯಿಂದ ಕೂಡಿಟ್ಟ ವಜ್ರಗಳೂ ಇತರ ಹರಳುಗಳೂ ಆ ಮಂದಿರದ ಸಂಗ್ರಹದಲ್ಲಿವೆ.

ರಾಮನ್ನರ ಕಾಲದಲ್ಲಿ ಪಾದರಸದ ದೀಪದಿಂದ ಗಂಟೆಗಟ್ಟಲೆ ಮಾಡಬೇಕಾಗಿದ್ದ ಈ ಪರೀಕ್ಷೆಯನ್ನು ಈಗ ಲೇಸರ್ ಬೆಳಕಿನಿಂದ ಕೆಲವೇ ಕ್ಷಣಗಳಲ್ಲಿ ಮಾಡಬಹುದು. ಬೆಳಕನ್ನು ಹರಳಿನ ಮುಖದ ಮೇಲೆ ಬಿಟ್ಟರೆ ಸಾಕು. ಒಡವೆಯನ್ನು ಬಿಚ್ಚಬೇಕಾಗಿಲ್ಲ, ಕೆರೆಯಬೇಕಾಗಿಲ್ಲ. ವಜ್ರವಾದರೆ ಸೆಂಟಿಮೀಟರಿಗೆ ೧೩೩೨ ಅಲೆಗಳ ಅಂತರದಲ್ಲಿ ಒಂದೇ ತೀಕ್ಷ್ಣವಾದ ಗೆರೆಯು ತೋರುತ್ತದೆ. ಗಾಜಿನಲ್ಲಿ ಅಂತಹ ಗೆರೆಯಿರದು. ಕೆಂಪುಗಳಲ್ಲಿ ಹರಳು ತಾನೇ ಸೂಸುವ ಕೆಂಬೆಳಕು ಇನ್ನೂ ಸುಲಭವಾದ ಗುರುತು. ಮಾಣಿಕ್ಯವು ೬೯೪ ನ್ಯಾನೋಮೀಟರಿನ ಸಮೀಪದಲ್ಲಿ ಒತ್ತೊತ್ತಾದ ಎರಡು ಗೆರೆಗಳನ್ನು ತೋರಿಸಿದರೆ, ಸ್ಪಿನೆಲ್ಲು ಗೆರೆಗಳ ಒಂದು ಗುಂಪನ್ನೇ ತೋರಿಸುತ್ತದೆ. ಆದರೆ ಮಾಣಿಕ್ಯವು ನೆಲದಲ್ಲಿ ಹುಟ್ಟಿದುದೋ ಉರಿಯಲ್ಲಿ ಬೆಳೆದುದೋ ಎಂಬುದಕ್ಕೆ ಮೇಲೆ ಹೇಳಿದ ಸೂಕ್ಷ್ಮದರ್ಶಕವೇ ಬೇಕು. ಎರಡು ಪರೀಕ್ಷೆಗಳೂ ಪರಸ್ಪರ ಪೂರಕಗಳು.

೫. ಕರಗಿಸುವುದರಿಂದಾಗುವ ನಷ್ಟ

ಕೌಟಲ್ಯನು ಹೇಳಿದ ಕಾಯಿಸುವ ಬಡಿಯುವ ಪರೀಕ್ಷೆಗಳು ಹೊಸದಾಗಿ ಮಾಡಿಸಿದ ಒಡವೆಗೆ ಯುಕ್ತವಾಗಿದ್ದಿರಬಹುದು. ಹಳೆಯ ಕಡಗಕ್ಕೆ ಅವು ಮರಣವೇ ಸರಿ. ಕುದಿಯುವ ನೀರಿನಷ್ಟು ಬಿಸಿಯಾಗುವುದಕ್ಕೆ ಮೊದಲೇ ಅರಗು ಮೆತ್ತಗಾಗುತ್ತದೆ, ಹರಳುಗಳು ಕದಲುತ್ತವೆ, ಕೆಳಗಿನ ತಗಡಿಗೆ ನೀರು ಸೇರಿದರೆ ಅದು ಕಪ್ಪಾಗಿ ಹರಳಿನ ಕಾಂತಿಯು ಅಳಿಯುತ್ತದೆ. ಮೂಸೆಗೆ ಹಾಕಿದ ಮೇಲೆ ಉಳಿಯುವುದು ಮೈಹೊನ್ನು ಕುಂದಣಗಳೆರಡೂ ಬೆರೆತ ಒಂದು ಗಟ್ಟಿ ಮಾತ್ರ. ಯಾವ ಊರಿನ ಕೆಲಸ, ಯಾವ ಕಾಲದ ಕೀಲು, ಮಕರದ ಮುಖವನ್ನು ಯಾವ ಸಂಪ್ರದಾಯದಂತೆ ಕೆತ್ತಿತ್ತು ಎಂಬುದನ್ನು ಆ ಗಟ್ಟಿಯು ಹೇಳಲಾರದು.

ಇದಕ್ಕೆ ಚರಿತ್ರೆಯಲ್ಲಿ ದೊಡ್ಡದೊಂದು ನಿದರ್ಶನವಿದೆ. ಯಲಹಂಕದಿಂದ ಉತ್ತರಕ್ಕೆ ಕೆಲವು ಹರದಾರಿಗಳ ದೂರದಲ್ಲಿರುವ ದೇವನಹಳ್ಳಿಯಲ್ಲಿ ಹುಟ್ಟಿದ ಟೀಪೂಸುಲ್ತಾನನು ೧೭೯೯ರ ಮೇ ೪ರಂದು ಶ್ರೀರಂಗಪಟ್ಟಣದಲ್ಲಿ ಮಡಿದ ಮೇಲೆ ಅವನ ಹೊನ್ನಿನ ಸಿಂಹಾಸನವನ್ನು ಗೆದ್ದವರು ಪಾಲುಹಂಚಿಕೆಗಾಗಿ ಒಡೆದರು. ತಗಡಿನ ಹೊನ್ನಿನಲ್ಲಿ ಬಹುಭಾಗವು ಗುರುತಿಲ್ಲದೆ ಹೋಯಿತು. ಆದರೆ ಹರಳುಗಳನ್ನು ಕುಂದಣದಲ್ಲಿ ಕೂಡಿಸಿದ ಹುಮಾಪಕ್ಷಿಯೂ ಹುಲಿಯ ತಲೆಗಳಲ್ಲಿ ಕೆಲವೂ ಕರಗದೆ ಉಳಿದು ಆಂಗ್ಲದೇಶವನ್ನು ಸೇರಿದುವು. ಹದಿನೆಂಟನೆಯ ಶತಮಾನದ ದಕ್ಷಿಣದೇಶದ ಅಕ್ಕಸಾಲಿಗರ ಕೆಲಸವನ್ನು ಕಾಲನಿರ್ಣಯದೊಡನೆ ಅಭ್ಯಾಸಮಾಡಬೇಕೆನ್ನುವವರಿಗೆ ಇಂದು ಅವೇ ಆಧಾರಗಳು. ೨೦೨೧ರಲ್ಲಿ ಆ ಹುಲಿಯ ತಲೆಗಳಲ್ಲೊಂದು ಹದಿನೈದು ಲಕ್ಷ ಪೌಂಡುಗಳ ಬೆಲೆಯುಳ್ಳದ್ದೆಂದು ಗಣಿಸಲ್ಪಟ್ಟು, ಅದು ತಮ್ಮ ದೇಶದಿಂದ ಹೊರಕ್ಕೆ ಹೋಗದಂತೆ ಆಂಗ್ಲಸರಕಾರದವರು ತಾತ್ಕಾಲಿಕವಾದ ತಡೆಯನ್ನು ವಿಧಿಸಿದರು. ಅದರ ಹೊನ್ನಿನ ತೂಕಕ್ಕೂ ಈ ಬೆಲೆಗೂ ಯಾವ ಸಂಬಂಧವೂ ಇಲ್ಲ. ಬೆಲೆಯು ಬಂದುದು ರೂಪದಿಂದ, ಕೆಲಸದಿಂದ, ಎಲ್ಲಿಂದ ಬಂದುದೆಂಬ ನಂಬತಕ್ಕ ದಾಖಲೆಯಿಂದ.

ಕೊಳ್ಳುವವರೂ ಸಂಗ್ರಹಿಸುವವರೂ ತಿಳಿದಿರಬೇಕಾದ ಎರಡು ಸರಕಾರೀ ನಿಯಮಗಳಿವೆ. ಚಿನ್ನದ ಒಡವೆಗಳಿಗೆ ಶುದ್ಧತೆಯ ಮುದ್ರೆಯನ್ನು ಹಾಕಿಸಬೇಕೆಂಬ ನಿಯಮವು ೨೦೨೧ರ ಜೂನ್ ತಿಂಗಳಿನಿಂದ ಹಂತಹಂತವಾಗಿ ಜಾರಿಗೆ ಬಂದಿದೆ. ಆದರೆ ಕುಂದಣ, ಪೋಲ್ಕಿ, ಜಡಾವು ಕೆಲಸಗಳಿಗೆ ಅದರಿಂದ ವಿನಾಯಿತಿಯನ್ನು ಕೊಟ್ಟಿದೆ. ಅರಗು ಹರಳುಗಳೊಡನೆ ಬೆರೆತ ಹೊನ್ನನ್ನು ಬೇರೆಮಾಡದೆ ನಿರ್ಣಯಿಸುವುದು ಎಷ್ಟು ಕಠಿನವೆಂಬುದು ಇದರಿಂದಲೂ ಮನವರಿಕೆಯಾಗುತ್ತದೆ. ಹೀಗಿರುವಲ್ಲಿ ಮುದ್ರೆಯಿ‌ಲ್ಲದ ಕಡಗವನ್ನು ಕೊಳ್ಳುವವನು ಮೂರು ತೂಕಗಳನ್ನೂ ಬೇರೆಬೇರೆಯಾಗಿ ಬರೆದ ರಸೀತಿಯನ್ನು ಪಡೆಯದೆ ಹಣವನ್ನು ಕೊಡಬಾರದು. ಎರಡನೆಯದಾಗಿ, ೧೯೭೨ರ ಪ್ರಾಚೀನವಸ್ತುಗಳ ಶಾಸನದ ಪ್ರಕಾರ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕುಶಲಕಲಾವಸ್ತುಗಳು ಪ್ರಾಚೀನವಸ್ತುಗಳೆನ್ನಿಸುವುವು. ಖಾಸಗಿಯವರು ಅವುಗಳನ್ನು ದೇಶದಿಂದ ಹೊರಕ್ಕೆ ಕಳುಹಿಸುವುದು ನಿಷಿದ್ಧವು. ಅವುಗಳ ವ್ಯಾಪಾರವನ್ನು ನಡೆಸುವವರಿಗೆ ಪರವಾನಗಿಯು ಬೇಕು.

ಮನೆಯಲ್ಲಿ ಇಂತಹ ಕಡಗವುಳ್ಳವರು ಮಾಡಬಹುದಾದ ಕೆಲಸವು ಕಷ್ಟಸಾಧ್ಯವಾದುದಲ್ಲ. ಕಡಗದ ಒಟ್ಟು ತೂಕವನ್ನು ಬರೆದಿಡುವುದು. ಹರಳುಗಳ ಸಂಖ್ಯೆ, ಬಣ್ಣ, ಉದುರಿದುವುಗಳ ಸ್ಥಾನ ಇವುಗಳನ್ನು ಗುರುತಿಸುವುದು. ಹೊರಮೈ, ಒಳಮೈ, ಕೀಲು, ತಿರುಪು ಇವುಗಳ ಛಾಯಾಚಿತ್ರಗಳನ್ನು ತೆಗೆಯಿಸುವುದು. ಅದು ಯಾರಿಂದ ಯಾರಿಗೆ ಬಂದಿತು, ಯಾವ ಊರಿನಲ್ಲಿ ಮಾಡಿಸಿದುದು ಎಂಬುದನ್ನು ಮನೆಯ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳುವುದು. ಬಿಸಿನೀರಿನಲ್ಲಿಯೂ ಸೀಗೆಪುಡಿಯಲ್ಲಿಯೂ ಅದನ್ನು ತೊಳೆಯದೆ ಮೆತ್ತನೆಯ ಒಣಬಟ್ಟೆಯಿಂದ ಒರಸಬೇಕು. ಹರಳು ಕದಲಿದರೆ ಬೆಸುಗೆಯವನ ಬಳಿಗಲ್ಲ, ಕುಂದಣದ ಕೆಲಸವನ್ನು ಬಲ್ಲವನ ಬಳಿಗೆ ಒಯ್ಯಬೇಕು. ಮಾರುವುದು ಅನಿವಾರ್ಯವಾದರೆ ಇಡಿಯಾಗಿ ಮಾರಬೇಕು. ಆಗ ಒಡೆತನವು ಬದಲಾದರೂ ಒಡವೆಯು ಉಳಿಯುತ್ತದೆ.

ಹೆಬ್ಬಾಳದಲ್ಲಿ ೨೦೧೮ರಲ್ಲಿ ನೆಲವನ್ನು ಅಗೆಯುವಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು ಕ್ರಿ. ಶ. ೭೫೦ರ ವೀರಗಲ್ಲೊಂದು ದೊರೆಯಿತು. ಕಿತ್ತಯನೆಂಬ ವೀರನ ಹೆಸರೂ, ಹೆಬ್ಬಾಳದ ಹಳೆಯ ರೂಪವಾದ ಪೆರ್ಬೊಳಲೆಂಬ ನಾಡಿನ ಹೆಸರೂ ಅದರಲ್ಲಿ ಓದುವಂತಿವೆ. ಕಲ್ಲು ಸಾವಿರದಿನ್ನೂರು ವರ್ಷಗಳಿಗೂ ಮೇಲ್ಪಟ್ಟು ಮಣ್ಣಿನಲ್ಲಿದ್ದರೂ ತನ್ನ ಮಾತನ್ನು ಉಳಿಸಿಕೊಂಡಿತು. ಹೊನ್ನಿಗೆ ಮಣ್ಣಿನ ಭಯವಿಲ್ಲ, ಕಿಲುಬಿನ ಭಯವೂ ಇಲ್ಲ. ಅದಕ್ಕಿರುವುದು ಮೂಸೆಯ ಭಯವೊಂದೇ. ಆ ಭಯದಿಂದ ಅದನ್ನು ಕಾಪಾಡುವುದು ಒಡವೆಯುಳ್ಳವರ ಕೈಯಲ್ಲಿಯೇ ಇದೆ.